ಚಿಕ್ಕ ತೂಕಕ್ಕೆ ಅಗ್ಗದ ತಕ್ಕಡಿ: ಆರಿಸುವುದು ಹೇಗೆ, ನಂಬುವುದು ಹೇಗೆ?

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಎಚ್.ಡಿ. ಕೋಟೆ ದಾಟಿದ ಮೇಲೆ ಅಂತರಸಂತೆ ಸಿಗುತ್ತದೆ. ಒಂದು ಕಡೆ ಕಬಿನಿಯ ಹಿನ್ನೀರು, ಇನ್ನೊಂದು ಕಡೆ ನಾಗರಹೊಳೆಯ ಕಾಡು. ನಡುವೆ ಹತ್ತಿ, ಮುಸುಕಿನ ಜೋಳ, ರಾಗಿ, ಹೊಗೆಸೊಪ್ಪು, ಶುಂಠಿ ಬೆಳೆಯುವ ಹೊಲಗಳು. ಹೆಸರಿನಲ್ಲೇ ಸಂತೆ ಇರುವ ಈ ಹೋಬಳಿಯಲ್ಲಿ ಹತ್ತಿ ಮೂಟೆಯನ್ನು ತೂಗುವ ತಕ್ಕಡಿಗೂ ಕೊರತೆಯಿಲ್ಲ, ಸಕ್ಕರೆ ತೂಗುವ ತಕ್ಕಡಿಗೂ ಕೊರತೆಯಿಲ್ಲ. ಆದರೆ ಆರು ಗ್ರಾಂ ಪುಡಿಯನ್ನು ತೂಗಬೇಕಾದರೆ?

ಇದೇನು ವಿಚಿತ್ರ ಪ್ರಶ್ನೆ ಎಂದುಕೊಳ್ಳಬೇಡಿ. ನಿಮ್ಮ ಮುಸುಕಿನ ಜೋಳದ ಸುಳಿಯಲ್ಲಿ ಸೈನಿಕ ಹುಳು ಕಾಣಿಸಿಕೊಂಡಿದೆ ಎಂದಿಟ್ಟುಕೊಳ್ಳಿ. ಅಮೆರಿಕ ಖಂಡದ ಮೂಲದ ಈ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಇದರ ಹತೋಟಿಗೆ ಶಿಫಾರಸು ಮಾಡಿರುವ ಔಷಧಿಗಳಲ್ಲಿ ಎಮಾಮೆಕ್ಟಿನ್ ಬೆಂಜೋಯೇಟ್ ಒಂದು. ಪ್ರಮಾಣ, ಲೀಟರ್ ನೀರಿಗೆ 0.4 ಗ್ರಾಂ. ಬೆನ್ನಿಗೆ ಹಾಕಿಕೊಳ್ಳುವ ಸಿಂಪಡಣೆ ಕ್ಯಾನ್ 16 ಲೀಟರಿನದಾದರೆ ಒಂದು ಕ್ಯಾನಿಗೆ 0.4 × 16 = 6.4 ಗ್ರಾಂ ಔಷಧಿ ಬೇಕು. ನಿಮ್ಮ ಕೈಯಲ್ಲಿರುವುದು ನೂರು ಗ್ರಾಮಿನ ಪೊಟ್ಟಣ. ಈಗ ಏನು ಮಾಡುತ್ತೀರಿ? ಹೆಚ್ಚಿನವರು ಮಾಡುವುದು ಒಂದೇ. ಯಾವುದೋ ಬಾಟಲಿಯ ಮುಚ್ಚಳವನ್ನೋ ಹಳೆಯ ಚಮಚವನ್ನೋ ತೆಗೆದುಕೊಂಡು, "ಇಷ್ಟು ಸಾಕು" ಎಂದು ಸುರಿಯುವುದು.

ಇಷ್ಟು ಸಾಕೋ, ಹೆಚ್ಚಾಯಿತೋ, ಕಡಿಮೆಯಾಯಿತೋ ಎಂಬುದು ಸಣ್ಣ ಮಾತಲ್ಲ. ಕಡಿಮೆಯಾದರೆ ಹುಳುಗಳಲ್ಲಿ ಗಟ್ಟಿಯಾದವು ಉಳಿದುಕೊಳ್ಳುತ್ತವೆ. ಅವುಗಳ ಸಂತತಿಗೆ ಔಷಧಿಯನ್ನು ತಡೆದುಕೊಳ್ಳುವ ಶಕ್ತಿ ಬೆಳೆಯುತ್ತಾ ಹೋಗುತ್ತದೆ. ಹೆಚ್ಚಾದರೆ ಹಣ ದಂಡ, ಬೆಳೆಯಲ್ಲಿ ವಿಷದ ಶೇಷ ಹೆಚ್ಚು, ಎಲ್ಲಕ್ಕಿಂತ ಮೊದಲು ಕ್ಯಾನ್ ಹೊತ್ತು ಹೊಲದಲ್ಲಿ ನಡೆಯುವವರ ಮೈಗೆ ಅಪಾಯ. ಬೀಜೋಪಚಾರಕ್ಕೆ ಶಿಲೀಂಧ್ರನಾಶಕ ಬೆರೆಸುವಾಗ, ಹಸುವಿಗೆ ಪುಡಿ ಔಷಧಿಯನ್ನು ಭಾಗ ಮಾಡುವಾಗ, ಶಾಲೆಯ ಪ್ರಯೋಗಾಲಯದಲ್ಲಿ ದ್ರಾವಣ ತಯಾರಿಸುವಾಗಲೂ ಇದೇ ಸಮಸ್ಯೆ. ಇಂಥ ಕೆಲಸಕ್ಕೆ ಹೊಂದುವ ತಕ್ಕಡಿ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಆದರೆ ಕೊಳ್ಳುವ ಮುನ್ನ ತಿಳಿದಿರಬೇಕಾದ ಕೆಲವು ವಿಷಯಗಳಿವೆ.

ಚಮಚ ಏಕೆ ಸಾಲದು?

ಚಮಚ ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಐದು ಮಿಲಿಲೀಟರ್ ಹಿಡಿಯುವ ಚಮಚದಲ್ಲಿ ಪುಡಿ ಉಪ್ಪನ್ನು ಮಟ್ಟವಾಗಿ ತುಂಬಿದರೆ ಸುಮಾರು ಆರು ಗ್ರಾಂ ಬರುತ್ತದೆ. ಅದೇ ಚಮಚದಲ್ಲಿ ಸಕ್ಕರೆ ಸುಮಾರು ನಾಲ್ಕು ಗ್ರಾಂ. ರಾಗಿ ಹಿಟ್ಟಾದರೆ ಮೂರು ಗ್ರಾಮಿನ ಆಸುಪಾಸು. ವಸ್ತುಗಳ ಸಾಂದ್ರತೆಯೂ ಕಣಗಳ ನಡುವೆ ಇರುವ ಗಾಳಿಯ ಪ್ರಮಾಣವೂ ಬೇರೆ ಬೇರೆಯಾಗಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಒಂದೇ ಪುಡಿಯನ್ನು ಕುಟ್ಟಿ ತುಂಬಿದರೆ ಹೆಚ್ಚು, ಉದುರಿಸಿ ತುಂಬಿದರೆ ಕಡಿಮೆ. ಇನ್ನು ಚಮಚದ ಮೇಲೆ ಗೋಪುರ ಕಟ್ಟಿದರಂತೂ ತೂಕ ಎರಡರಷ್ಟಾದರೂ ಆಶ್ಚರ್ಯವಿಲ್ಲ.

ದ್ರವಗಳಿಗೆ ಈ ತೊಂದರೆ ಇಲ್ಲ. ಆದ್ದರಿಂದ ದ್ರವ ಔಷಧಿಯನ್ನು ಅಳತೆಗೆರೆ ಇರುವ ಲೋಟದಲ್ಲಿ ಅಳೆಯಬಹುದು. ಪುಡಿ, ಹರಳುಗಳನ್ನು ಮಾತ್ರ ತೂಗಿಯೇ ತೆಗೆದುಕೊಳ್ಳಬೇಕು.

ತಕ್ಕಡಿಯೊಳಗೆ ಏನು ನಡೆಯುತ್ತದೆ?

ತಕ್ಕಡಿಗಳಲ್ಲಿ ಎರಡು ಮುಖ್ಯ ಜಾತಿ. ಮೊದಲನೆಯದು ನಮ್ಮ ಹಳೆಯ ದಂಡದ ತಕ್ಕಡಿ. ಸಮನಾದ ಎರಡು ತೋಳು, ನಡುವೆ ಆಧಾರ, ತುದಿಗಳಲ್ಲಿ ತಟ್ಟೆ. ಒಂದು ತಟ್ಟೆಯಲ್ಲಿ ವಸ್ತು, ಇನ್ನೊಂದರಲ್ಲಿ ತೂಕದ ಕಲ್ಲು. ಇದು ಒಂದು ರಾಶಿಯನ್ನು ಇನ್ನೊಂದು ರಾಶಿಯೊಂದಿಗೆ ಹೋಲಿಸುತ್ತದೆ. ಭೂಮಿಯ ಸೆಳೆತ ಎರಡರ ಮೇಲೂ ಒಂದೇ ಆಗಿರುವುದರಿಂದ ಇದನ್ನು ಲಂಡನ್ನಿನಲ್ಲಿ ಬಳಸಿದರೂ ಅಂತರಸಂತೆಯಲ್ಲಿ ಬಳಸಿದರೂ ಉತ್ತರ ಒಂದೇ.

ಎರಡನೆಯದು ಅಂಕಿ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ. ಇದರ ತಟ್ಟೆಯ ಕೆಳಗೆ ಅಲ್ಯೂಮಿನಿಯಂನ ಒಂದು ಪುಟ್ಟ ಪಟ್ಟಿ ಇರುತ್ತದೆ. ಭಾರ ಇಟ್ಟಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಪಟ್ಟಿಗೆ ಅಂಟಿಸಿರುವ ತೆಳುವಾದ ಲೋಹದ ಸುರುಳಿ ಆಗ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಹಿಗ್ಗಿದರೆ ಅದರ ವಿದ್ಯುತ್ ರೋಧ ಹೆಚ್ಚು, ಕುಗ್ಗಿದರೆ ಕಡಿಮೆ. ವಿಕೃತಿಮಾಪಕ ಎಂದು ಕರೆಯಬಹುದಾದ ಈ ಸಾಧನವನ್ನು 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಪ್ರತ್ಯೇಕವಾಗಿ ರೂಪಿಸಿದರು. ರೋಧದಲ್ಲಾಗುವ ಅತ್ಯಲ್ಪ ಬದಲಾವಣೆಯನ್ನು ನೀವು ಪಿ.ಯು.ಸಿ.ಯಲ್ಲಿ ಓದಿರುವ ವೀಟ್‌ಸ್ಟನ್ ಸೇತುವೆ ಪತ್ತೆ ಹಚ್ಚುತ್ತದೆ. ಉಳಿದ ಲೆಕ್ಕವನ್ನು ಒಂದು ಚಿಪ್ ಮಾಡುತ್ತದೆ.

ಆ ಬದಲಾವಣೆ ಎಷ್ಟು ಅಲ್ಪ ಎಂಬುದನ್ನು ನೋಡಿ. 200 ಗ್ರಾಂ ಸಾಮರ್ಥ್ಯದ ತಕ್ಕಡಿಯಲ್ಲಿ ಪೂರ್ತಿ ಭಾರ ಇಟ್ಟಾಗ ಸೇತುವೆಯಿಂದ ಬರುವ ವಿದ್ಯುತ್ ವಿಭವ ಆರು ಮಿಲಿವೋಲ್ಟ್ ಎಂದಿಟ್ಟುಕೊಳ್ಳೋಣ. ಅದು 0.01 ಗ್ರಾಂವರೆಗೆ ತೋರಿಸಬೇಕಾದರೆ ಈ ಆರು ಮಿಲಿವೋಲ್ಟನ್ನು ಇಪ್ಪತ್ತು ಸಾವಿರ ಭಾಗ ಮಾಡಬೇಕು. ಒಂದೊಂದು ಭಾಗ 0.3 ಮೈಕ್ರೊವೋಲ್ಟ್! ಕೋಣೆಯ ಬಿಸಿ, ಬೀಸುವ ಗಾಳಿ, ಪಕ್ಕದಲ್ಲಿಟ್ಟ ಮೊಬೈಲ್ ಫೋನ್, ಸೊರಗಿದ ಬ್ಯಾಟರಿ, ಇವೆಲ್ಲ ಇಂಥ ತಕ್ಕಡಿಯನ್ನು ಏಕೆ ಗಲಿಬಿಲಿಗೊಳಿಸುತ್ತವೆ ಎಂಬುದು ಈಗ ಅರ್ಥವಾಗುತ್ತದೆ.

ಇನ್ನೊಂದು ಮಾತು. ಎಲೆಕ್ಟ್ರಾನಿಕ್ ತಕ್ಕಡಿ ನಿಜವಾಗಿ ಅಳೆಯುವುದು ಪಟ್ಟಿಯನ್ನು ಬಾಗಿಸುವ ಬಲವನ್ನು. ಗುರುತ್ವ ಬದಲಾದರೆ ಈ ಬಲವೂ ಬದಲಾಗುತ್ತದೆ. ಲಂಡನ್ನಿನಲ್ಲಿ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 9.81 ಮೀಟರ್, ಮೈಸೂರು ಸೀಮೆಯಲ್ಲಿ ಸುಮಾರು 9.78. ಅಲ್ಲಿ ಹೊಂದಿಸಿದ ತಕ್ಕಡಿಯನ್ನು ಇಲ್ಲಿ ತಂದಿಟ್ಟರೆ ನೂರು ಗ್ರಾಮಿನ ತೂಕವನ್ನು 99.7 ಗ್ರಾಂ ಎಂದು ತೋರಿಸುತ್ತದೆ. ಬೇರೆಲ್ಲೋ ತಯಾರಾದ ತಕ್ಕಡಿಯನ್ನು ಬಳಸುವ ಜಾಗದಲ್ಲಿಯೇ ಒಮ್ಮೆ ಹೊಂದಿಸಿಕೊಳ್ಳಬೇಕು ಎನ್ನುವುದು ಇದಕ್ಕೇ.

ಮೂರು ಗುಣ, ಒಂದು ಸೂತ್ರ

ಅಂಗಡಿಯಲ್ಲಿ ತಕ್ಕಡಿಯ ಡಬ್ಬಿಯ ಮೇಲೆ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. "200 ಗ್ರಾಂ, 0.01 ಗ್ರಾಂ" ಎಂಬಂತೆ. ಮೊದಲನೆಯದು ಸಾಮರ್ಥ್ಯ, ಅಂದರೆ ಅದು ಹೊರಬಲ್ಲ ಗರಿಷ್ಠ ಭಾರ. ಎರಡನೆಯದು ಅಂಕಿಗಳು ಬದಲಾಗುವ ಮೆಟ್ಟಿಲು. ಕೊಳ್ಳುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಈ ಮೆಟ್ಟಿಲನ್ನೇ ನಿಖರತೆ ಎಂದು ಭಾವಿಸುವುದು. ತಕ್ಕಡಿ 6.43 ಎಂದು ತೋರಿಸಿದರೆ ಅದು 6.43 ಎಂದು ಹೇಳುತ್ತಿದೆ, ಅಷ್ಟೆ. ಹೇಳುತ್ತಿರುವುದು ನಿಜವೇ ಎಂಬುದು ಬೇರೆ ಪ್ರಶ್ನೆ. ಗೋಡೆ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಇದ್ದ ಮಾತ್ರಕ್ಕೆ ಅದು ಸರಿಯಾದ ಸಮಯ ತೋರಿಸುತ್ತದೆ ಎಂದೇನೂ ಇಲ್ಲವಲ್ಲ!

ಡಬ್ಬಿಯ ಮೇಲೆ ಬರೆದಿರದ ಮೂರನೆಯ ಗುಣವೇ ನಿಖರತೆ. ಅದರಲ್ಲಿಯೂ ಎರಡು ಭಾಗ. ಒಂದೇ ವಸ್ತುವನ್ನು ಹತ್ತು ಸಲ ಇಟ್ಟರೆ ಹತ್ತು ಸಲವೂ ಒಂದೇ ಉತ್ತರ ಬರುತ್ತದೆಯೇ? ಆ ಉತ್ತರ ನಿಜವಾದ ತೂಕಕ್ಕೆ ಹತ್ತಿರವಾಗಿದೆಯೇ? ಎರಡನೆಯ ದೋಷವನ್ನು ಗೊತ್ತಿರುವ ತೂಕದ ನೆರವಿನಿಂದ ಸರಿಪಡಿಸಬಹುದು. ಮೊದಲನೆಯ ದೋಷವಿರುವ ತಕ್ಕಡಿ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಅಗ್ಗದ ತಕ್ಕಡಿಗಳಲ್ಲಿ ಎರಡು ಮೂರು ಮೆಟ್ಟಿಲುಗಳಷ್ಟು ತಪ್ಪು ಇದ್ದೇ ಇರುತ್ತದೆ ಎಂದು ಭಾವಿಸುವುದು ಕ್ಷೇಮ. ನಮ್ಮ ಕೆಲಸದಲ್ಲಿ ಶೇಕಡಾ ಐದರಷ್ಟು ತಪ್ಪನ್ನು ಒಪ್ಪಿಕೊಳ್ಳಬಹುದು ಎಂದುಕೊಂಡರೆ ಒಂದು ಸರಳ ಸೂತ್ರ ಸಿಗುತ್ತದೆ: ನೀವು ತೂಗಬೇಕಾದ ಅತಿ ಚಿಕ್ಕ ತೂಕ, ತಕ್ಕಡಿಯ ಮೆಟ್ಟಿಲಿನ ಐವತ್ತರಷ್ಟಾದರೂ ಇರಬೇಕು.

ಒಂದು ಗ್ರಾಂ ಮೆಟ್ಟಿಲಿನ ಅಡುಗೆಮನೆ ತಕ್ಕಡಿ: 50 ಗ್ರಾಮಿಗಿಂತ ಕೆಳಗೆ ನಂಬಬೇಡಿ.
0.1 ಗ್ರಾಂ ಮೆಟ್ಟಿಲಿನ ತಕ್ಕಡಿ: 5 ಗ್ರಾಮಿಗಿಂತ ಕೆಳಗೆ ನಂಬಬೇಡಿ.
0.01 ಗ್ರಾಂ ಮೆಟ್ಟಿಲಿನ ತಕ್ಕಡಿ: ಅರ್ಧ ಗ್ರಾಮಿಗಿಂತ ಕೆಳಗೆ ನಂಬಬೇಡಿ.

ನಮ್ಮ ಉದಾಹರಣೆಯ 6.4 ಗ್ರಾಮಿಗೆ ಅಡುಗೆಮನೆ ತಕ್ಕಡಿ ಸಾಲದು. ಅದರಲ್ಲಿ ಎರಡು ಮೆಟ್ಟಿಲು ತಪ್ಪಾದರೆ ಶೇಕಡಾ ಮೂವತ್ತರಷ್ಟು ತಪ್ಪಾಯಿತು. 0.1 ಗ್ರಾಂ ಮೆಟ್ಟಿಲಿನದು ಸಾಕು. 0.01 ಗ್ರಾಮಿನದು ಇದ್ದರೆ ಇನ್ನೂ ಒಳ್ಳೆಯದು. ಜೇಬಿನಲ್ಲಿ ಹಿಡಿಸುವ ಇಂಥ ತಕ್ಕಡಿಯ ಬೆಲೆಯೂ ಅಡುಗೆಮನೆ ತಕ್ಕಡಿಯ ಬೆಲೆಗೆ ಹತ್ತಿರವಾಗಿಯೇ ಇದೆ. 0.001 ಗ್ರಾಂ ತೋರಿಸುವ ಅಗ್ಗದ ತಕ್ಕಡಿಗಳೂ ಮಾರಾಟಕ್ಕಿವೆ. ಆದರೆ ಅವುಗಳ ಕೊನೆಯ ಅಂಕಿ ಉಸಿರಾಟದ ಗಾಳಿಗೂ ಕುಣಿಯುತ್ತಿರುತ್ತದೆ. ಹೊಲದ ಕೆಲಸಕ್ಕೆ ಅದು ಬೇಡ.

ಅಂಕಿ ಓದುವ ಮುನ್ನ ಮಾನ ನೋಡಿ

ಜೇಬಿನ ತಕ್ಕಡಿಗಳಲ್ಲಿ ಮಾನವನ್ನು ಬದಲಾಯಿಸುವ ಗುಂಡಿ ಇರುತ್ತದೆ. ಗ್ರಾಂ, ಔನ್ಸ್, ಕ್ಯಾರಟ್, ಗ್ರೇನ್, ಕೆಲವು ತಕ್ಕಡಿಗಳಲ್ಲಿ ತೊಲ. ಕೈತಪ್ಪಿ ಗುಂಡಿ ಒತ್ತಿದರೆ ಏನಾದೀತು? ತೆರೆಯ ಮೇಲೆ 6.4 ಎಂದೇ ಇರುತ್ತದೆ. ಆದರೆ ಮಾನ ಗ್ರೇನ್ ಆಗಿದ್ದರೆ ನೀವು ಹಾಕಿದ್ದು ಬರೀ 0.41 ಗ್ರಾಂ. ಕ್ಯಾರಟ್ ಆಗಿದ್ದರೆ 1.28 ಗ್ರಾಂ. ತೊಲ ಆಗಿದ್ದರೆ ಹತ್ತಿರ ಹತ್ತಿರ 75 ಗ್ರಾಂ! ಅಂಕಿಯ ಪಕ್ಕದಲ್ಲಿರುವ ಪುಟ್ಟ ಅಕ್ಷರವನ್ನು ಪ್ರತಿ ಸಲವೂ ನೋಡುವುದು ಅಭ್ಯಾಸವಾಗಬೇಕು.

ಈ ಮಾನಗಳಲ್ಲಿ ಕೆಲವು ಕಾಳುಗಳಿಂದ ಹುಟ್ಟಿದವು. ಗ್ರೇನ್ ಎಂದರೆ ಧಾನ್ಯದ ಕಾಳು. ಇಂದು ಅದರ ಬೆಲೆ 64.79891 ಮಿಲಿಗ್ರಾಂ ಎಂದು ನಿಗದಿಯಾಗಿದೆ. ಬ್ರಿಟಿಷರ ಕಾಲದ ತೊಲ 180 ಗ್ರೇನ್, ಅಂದರೆ 11.66 ಗ್ರಾಂ, ಅಂದಿನ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ನಮ್ಮ ಅಕ್ಕಸಾಲಿಗರು ಬಳಸುತ್ತಿದ್ದ ಗುಲಗಂಜಿ ತೊಲದ 96ನೇ ಒಂದು ಭಾಗ, ಸುಮಾರು 0.12 ಗ್ರಾಂ. ಗುಲಗಂಜಿ ನೋಡಲು ಎಷ್ಟು ಚೆನ್ನವೋ ಅಷ್ಟೇ ವಿಷ. ಮಕ್ಕಳ ಕೈಗೆ ಕೊಡಬೇಡಿ.

ಅಂದಹಾಗೆ ಗ್ರೇನ್ ಮಾನ ಈಗಲೂ ಈ ತಕ್ಕಡಿಗಳಲ್ಲಿ ಉಳಿದಿರುವುದಕ್ಕೆ ಕಾರಣವುಂಟು. ಕೋವಿಯ ಗುಂಡು ಮತ್ತು ಮದ್ದನ್ನು ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಇಂದಿಗೂ ಗ್ರೇನ್‌ಗಳಲ್ಲಿಯೇ ತೂಗುತ್ತಾರೆ. ಅಮೆರಿಕದಲ್ಲಿ ಗುರಿ ಅಭ್ಯಾಸ ಮಾಡುವ ಹವ್ಯಾಸಿಗಳು ಖಾಲಿ ತೋಟಾಗಳಿಗೆ ಮನೆಯಲ್ಲಿಯೇ ಮತ್ತೆ ಮದ್ದು ತುಂಬುವುದುಂಟು. ಮದ್ದು ಸ್ವಲ್ಪ ಹೆಚ್ಚಾದರೂ ನಳಿಗೆಯೊಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಆದ್ದರಿಂದ ಅವರಲ್ಲಿ ಅನುಭವಿಗಳು ತಕ್ಕಡಿ ಎಷ್ಟೇ ಬೆಲೆಯದಾದರೂ ಜೊತೆಗೆ ಪರಿಶೀಲನೆಯ ತೂಕಗಳನ್ನು ಇಟ್ಟುಕೊಂಡಿರುತ್ತಾರೆ, ಕೆಲಸಕ್ಕೆ ಕೂರುವ ಮುನ್ನ ಅವುಗಳಿಂದ ತಕ್ಕಡಿಯನ್ನು ಪರೀಕ್ಷಿಸುತ್ತಾರೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆ ಕೆಲಸ ನಮಗೆ ಬೇಡ. ತಕ್ಕಡಿಯನ್ನು ಪರೀಕ್ಷಿಸದೆ ನಂಬದಿರುವ ಅವರ ಅಭ್ಯಾಸ ಮಾತ್ರ ಬೇಕು. ಇನ್ನೊಂದು ಗಮನಿಸಿ. 0.01 ಗ್ರಾಂ ಎಂದರೆ 0.15 ಗ್ರೇನ್. ಮಾನವನ್ನು ಗ್ರೇನ್‌ಗೆ ಬದಲಾಯಿಸಿದಾಗ ಅಂಕಿಗಳು ದೊಡ್ಡದಾಗಿ ಕಾಣುತ್ತವೆ, ತಕ್ಕಡಿ ಇನ್ನಷ್ಟು ಸೂಕ್ಷ್ಮವಾಗುವುದಿಲ್ಲ.

ಕೊಳ್ಳುವಾಗ ಏನನ್ನು ನೋಡಬೇಕು?

1. ನಿಮ್ಮ ಅತಿ ಚಿಕ್ಕ ತೂಕ ಮತ್ತು ಅತಿ ದೊಡ್ಡ ತೂಕವನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಪಾತ್ರೆಯ ತೂಕವೂ ಸಾಮರ್ಥ್ಯದೊಳಗೆ ಬರಬೇಕು. ಬೇಕಾದದ್ದಕ್ಕಿಂತ ಬಹಳ ಹೆಚ್ಚು ಸಾಮರ್ಥ್ಯದ್ದನ್ನು ಕೊಂಡರೆ ಮೆಟ್ಟಿಲೂ ದೊಡ್ಡದಾಗಿರುತ್ತದೆ.

2. ಹೊಂದಿಸುವ ಸೌಲಭ್ಯವಿದೆಯೇ ಎಂದು ಕೇಳಿ. ಅದಕ್ಕೆ ಎಷ್ಟು ಗ್ರಾಮಿನ ತೂಕ ಬೇಕು ಎಂಬುದನ್ನು ಗುರುತು ಮಾಡಿಕೊಳ್ಳಿ. ಸಾಧ್ಯವಾದರೆ ಆ ತೂಕವನ್ನೂ ಜೊತೆಗೇ ಕೊಳ್ಳಿ. ಎಂ1 ಎಂಬ ಅಂತರರಾಷ್ಟ್ರೀಯ ದರ್ಜೆಯ 100 ಗ್ರಾಂ ತೂಕದಲ್ಲಿ ಇರಬಹುದಾದ ತಪ್ಪು ಹೆಚ್ಚೆಂದರೆ 5 ಮಿಲಿಗ್ರಾಂ. ನಮ್ಮ ಕೆಲಸಕ್ಕೆ ಇದು ಧಾರಾಳವಾಗಿ ಸಾಕು.

3. ಹಳ್ಳಿಯ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ಲಿನಿಂದ ನಡೆಯುವುದನ್ನು ಆರಿಸಿ. ಗುಂಡಿಯಾಕಾರದ ಸೆಲ್ಲು ಬೇಕಾದಾಗ ಸಿಗುವುದಿಲ್ಲ.

4. ತಟ್ಟೆಯ ಮೇಲೆ ಮುಚ್ಚಳ ಇರಲಿ. ಕೈಚೀಲದಲ್ಲಿ ಬೇರೆ ಸಾಮಾನಿನ ಒತ್ತಡ ಬಿದ್ದು ಪಟ್ಟಿ ಶಾಶ್ವತವಾಗಿ ಬಾಗಿದರೆ ತಕ್ಕಡಿಯ ಕಥೆ ಮುಗಿಯಿತು.

5. ಒಂದು ನಿಮಿಷದೊಳಗೆ ತಾನಾಗಿಯೇ ಆರಿಹೋಗುವ ತಕ್ಕಡಿ ಬಹಳ ಕಾಟ ಕೊಡುತ್ತದೆ. ನಿಧಾನವಾಗಿ ಪುಡಿ ಹಾಕುತ್ತಿರುವಾಗಲೇ ಆರಿದರೆ ಮೊದಲಿನಿಂದ ಶುರು ಮಾಡಬೇಕು. ಅಂಗಡಿಯಲ್ಲಿಯೇ ನೋಡಿಕೊಳ್ಳಿ.

ಮನೆಯಲ್ಲೇ ಪರೀಕ್ಷೆ: ಮಾಡಿ ನೋಡಿ

ತಕ್ಕಡಿಯನ್ನು ಗಟ್ಟಿಯಾದ ಸಮತಟ್ಟು ಜಾಗದಲ್ಲಿಡಿ. ಫ್ಯಾನ್ ನಿಲ್ಲಿಸಿ. ಒಂದು ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿ ಅದರೊಳಗೆ ತಕ್ಕಡಿಯನ್ನಿಟ್ಟರೆ ಗಾಳಿಯ ಕಾಟ ತಪ್ಪುತ್ತದೆ. ಚಾಲೂ ಮಾಡಿ ಐದು ನಿಮಿಷ ಬಿಡಿ. ಅಷ್ಟರೊಳಗೆ ಅದು ಆರಿದರೆ ಮತ್ತೆ ಚಾಲೂ ಮಾಡಿ. ಮೊಬೈಲ್ ದೂರವಿರಲಿ.

ಮರುಕಳಿಕೆಯ ಪರೀಕ್ಷೆ: ಒಂದು ನಾಣ್ಯವನ್ನು ತಟ್ಟೆಯ ಮೇಲಿಡಿ, ಅಂಕಿ ಬರೆದುಕೊಳ್ಳಿ, ತೆಗೆಯಿರಿ. ಹೀಗೆ ಹತ್ತು ಸಲ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ವ್ಯತ್ಯಾಸ ಮೂರು ಮೆಟ್ಟಿಲನ್ನು ಮೀರಿದರೆ ತಕ್ಕಡಿಯನ್ನು ಹಿಂದಿರುಗಿಸುವುದೇ ಲೇಸು.

ಮೂಲೆಯ ಪರೀಕ್ಷೆ: ಅದೇ ನಾಣ್ಯವನ್ನು ತಟ್ಟೆಯ ನಡುವೆ, ನಂತರ ನಾಲ್ಕು ಅಂಚುಗಳಲ್ಲಿ ಇಟ್ಟು ನೋಡಿ. ಉತ್ತರ ಬದಲಾದರೆ ಇನ್ನು ಮುಂದೆ ಎಲ್ಲವನ್ನೂ ನಡುವೆಯೇ ಇಡಬೇಕು.

ಸಮಾನ ಹೆಜ್ಜೆಯ ಪರೀಕ್ಷೆ: ತಟ್ಟೆಯ ಮೇಲೆ ಒಂದು ಬಟ್ಟಲಿಟ್ಟು ನಾಣ್ಯ ಹಾಕಿ. ಎಷ್ಟು ಏರಿತು ಎಂದು ಬರೆದುಕೊಳ್ಳಿ. ನಾಣ್ಯ ತೆಗೆದು ಸುಮಾರು 20 ಗ್ರಾಂ ಮರಳು ಸುರಿದು ಅದೇ ನಾಣ್ಯವನ್ನು ಮತ್ತೆ ಹಾಕಿ. ಮರಳನ್ನು 40, 60, 80 ಗ್ರಾಂವರೆಗೆ ಹೆಚ್ಚಿಸುತ್ತಾ ಇದನ್ನೇ ಮಾಡಿ. ನಾಣ್ಯ ಒಂದೇ ಆದ್ದರಿಂದ ಏರಿಕೆಯೂ ಪ್ರತಿ ಸಲ ಒಂದೇ ಇರಬೇಕು. ಈ ಪರೀಕ್ಷೆಗೆ ನಾಣ್ಯದ ತೂಕ ಎಷ್ಟೆಂದು ತಿಳಿದಿರಬೇಕಾಗಿಯೂ ಇಲ್ಲ!

ನಿಜ ತೂಕದ ಪರೀಕ್ಷೆ: ಇದಕ್ಕೆ ಪರಿಶೀಲನೆಯ ತೂಕವೇ ಬೇಕು. ಅದಿಲ್ಲದಿದ್ದರೆ ಹತ್ತಿರದ ಪ್ರೌಢಶಾಲೆ ಅಥವಾ ಕಾಲೇಜಿನ ಪ್ರಯೋಗಾಲಯದಲ್ಲಿರುವ ತೂಕದ ಪೆಟ್ಟಿಗೆಯೊಂದಿಗೆ ಒಮ್ಮೆ ಹೋಲಿಸಿಕೊಳ್ಳಿ. ಅದೂ ಆಗದಿದ್ದರೆ ದೊಡ್ಡ ತಪ್ಪನ್ನು ಮಾತ್ರ ಹಿಡಿಯಬಲ್ಲ ಎರಡು ದಾರಿಗಳಿವೆ. ಒಂದು, ನಾಣ್ಯ. ಹಳದಿ ಬಣ್ಣದ ಐದು ರೂಪಾಯಿ ನಾಣ್ಯಗಳಲ್ಲಿ 2011ರ ಸರಣಿಯದು 6 ಗ್ರಾಂ. ಹಳೆಯ ದಪ್ಪ ಬಿಳಿ ಐದು ರೂಪಾಯಿ ನಾಣ್ಯ 9 ಗ್ರಾಂ. 2019ರ ಸರಣಿಯ ಐದು ರೂಪಾಯಿ 6.74 ಗ್ರಾಂ ಇರುವುದರಿಂದ ಸರಣಿಗಳನ್ನು ಬೆರೆಸಬೇಡಿ. ಸವೆದ ನಾಣ್ಯ ಬೇಡ. ನಾಲ್ಕೈದು ನಾಣ್ಯಗಳನ್ನು ಒಟ್ಟಿಗೆ ತೂಗಿ ಸರಾಸರಿ ತೆಗೆಯಿರಿ. ಎರಡು, ನೀರು. ಸೂಜಿ ತೆಗೆದ ಹೊಸ ಸಿರಿಂಜಿನಿಂದ 5 ಮಿಲಿಲೀಟರ್ ನೀರನ್ನು ಬಟ್ಟಲಿಗೆ ಹಾಕಿದರೆ ತೂಕ 5 ಗ್ರಾಮಿಗೆ ಬಹಳ ಹತ್ತಿರವಿರಬೇಕು. ಸಿರಿಂಜಿನ ಗೆರೆಗಳಲ್ಲೇ ಶೇಕಡಾ ಕೆಲವು ಭಾಗ ತಪ್ಪಿರಬಹುದು. ಆದ್ದರಿಂದ ನಾಣ್ಯದಿಂದಾಗಲೀ ನೀರಿನಿಂದಾಗಲೀ ತಕ್ಕಡಿಯನ್ನು ಹೊಂದಿಸಲು ಹೋಗಬೇಡಿ. ಇವು ಸಂಶಯ ಪರಿಹಾರಕ್ಕೆ ಮಾತ್ರ.

ದಂಡದ ತಕ್ಕಡಿಯಾದರೂ ನಡೆಯುತ್ತದೆ

ಎಲೆಕ್ಟ್ರಾನಿಕ್ ತಕ್ಕಡಿಯೇ ಆಗಬೇಕೆಂದಿಲ್ಲ. ಸಣ್ಣ ದಂಡದ ತಕ್ಕಡಿ ಇದ್ದರೆ ಅದಕ್ಕೆ ಬ್ಯಾಟರಿಯೂ ಬೇಡ, ಗುರುತ್ವದ ಚಿಂತೆಯೂ ಇಲ್ಲ. ತೋಳುಗಳ ಉದ್ದ ಸ್ವಲ್ಪ ಹೆಚ್ಚು ಕಡಿಮೆ ಇದ್ದೀತೆಂಬ ಅನುಮಾನವೇ? ವಸ್ತುವನ್ನು ಎಡ ತಟ್ಟೆಯಲ್ಲಿಟ್ಟು ಒಮ್ಮೆ, ಬಲ ತಟ್ಟೆಯಲ್ಲಿಟ್ಟು ಒಮ್ಮೆ ತೂಗಿ. ಒಂದು ಸಲ 6.2, ಇನ್ನೊಂದು ಸಲ 6.6 ಗ್ರಾಂ ಬಂದರೆ ನಿಜವಾದ ತೂಕ ಎರಡರ ಸರಾಸರಿ, 6.4 ಗ್ರಾಂ.

ಇದಕ್ಕಿಂತ ಸುಲಭವಾದ ಉಪಾಯವೊಂದಿದೆ. ಒಂದು ತಟ್ಟೆಯಲ್ಲಿ ವಸ್ತುವಿಟ್ಟು ಇನ್ನೊಂದರಲ್ಲಿ ಮರಳು ಹಾಕಿ ಸಮ ಮಾಡಿ. ಈಗ ವಸ್ತುವನ್ನು ತೆಗೆದು ಅದೇ ತಟ್ಟೆಯಲ್ಲಿ ತೂಕದ ಕಲ್ಲುಗಳನ್ನಿಟ್ಟು ಮತ್ತೆ ಸಮ ಮಾಡಿ. ಕಲ್ಲುಗಳು ವಸ್ತುವಿನ ಜಾಗವನ್ನೇ ಹಿಡಿದದ್ದರಿಂದ ತೋಳಿನ ತಪ್ಪು ಪೂರ್ತಿಯಾಗಿ ಮಾಯ! ತಕ್ಕಡಿ ಕೆಟ್ಟದಾಗಿದ್ದರೂ ತೂಕ ಸರಿಯಾಗಿ ಬರುತ್ತದೆ. ಇದನ್ನು ಆದೇಶ ವಿಧಾನ ಎನ್ನಬಹುದು.

ದಿನದ ಬಳಕೆಯಲ್ಲಿ

ಅಗ್ಗದ ಎಲೆಕ್ಟ್ರಾನಿಕ್ ತಕ್ಕಡಿಗಳಿಗೆ ಒಂದು ದುರಭ್ಯಾಸವಿದೆ. ತಟ್ಟೆಯ ಮೇಲೆ ಪುಡಿಯನ್ನು ಬಹಳ ನಿಧಾನವಾಗಿ, ಒಂದೊಂದೇ ಕಣವಾಗಿ ಉದುರಿಸಿದರೆ ಅವು ಅದನ್ನು ಗಮನಿಸುವುದೇ ಇಲ್ಲ. ಸಣ್ಣ ಸಣ್ಣ ಬದಲಾವಣೆಗಳನ್ನು ಬಿಸಿಯಿಂದಾದ ಏರುಪೇರು ಎಂದು ಭಾವಿಸಿ ತಾವಾಗಿಯೇ ಸೊನ್ನೆಗೆ ತಂದುಕೊಳ್ಳುತ್ತವೆ. ಆದ್ದರಿಂದ ಕೊನೆಯಲ್ಲಿ ಬಟ್ಟಲನ್ನು ಒಮ್ಮೆ ಎತ್ತಿ ಮತ್ತೆ ಇಟ್ಟು ಅಂಕಿಯನ್ನು ಓದಿ. ಬಟ್ಟಲನ್ನು ಎತ್ತಿದಾಗ ಕಾಣುವ ಋಣ ಅಂಕಿ ಮೊದಲಿನಂತೆಯೇ ಇದೆಯೇ ಎಂಬುದನ್ನೂ ನೋಡಿ.

ಕೀಟನಾಶಕ ತೂಗಲು ಇಟ್ಟುಕೊಂಡ ತಕ್ಕಡಿ, ಬಟ್ಟಲು, ಚಮಚ ಅದಕ್ಕೇ ಮೀಸಲಾಗಿರಲಿ. ಅಡುಗೆಮನೆಯಲ್ಲಿ ತೂಗಬೇಡಿ. ಕೈಗವಸು, ಮುಖಕ್ಕೆ ಮುಸುಕು ಇರಲಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.

ಸೂಕ್ಷ್ಮ ತಕ್ಕಡಿ ಕೈಯಲ್ಲಿಲ್ಲ, ಹೊಲಕ್ಕೆ ಇಂದೇ ಔಷಧಿ ಹೊಡೆಯಬೇಕು ಎನ್ನುವಾಗ? ಎಂಟು ಕ್ಯಾನ್ ಬೇಕಾದೀತು ಎಂದುಕೊಳ್ಳಿ. ಎಂಟಕ್ಕೂ ಒಟ್ಟಿಗೆ 51 ಗ್ರಾಂ ತೂಗಿ. ಅಡುಗೆಮನೆ ತಕ್ಕಡಿಯಂಥ ಒಂದು ಗ್ರಾಂ ಮೆಟ್ಟಿಲಿನದು ಇದಕ್ಕೆ ಸಾಕು, ಆದರೆ ಅದು ಮತ್ತೆ ಅಡುಗೆಮನೆಗೆ ಹೋಗಬಾರದು. ಔಷಧಿಯನ್ನು ನೀರಿನಲ್ಲಿ ಚೆನ್ನಾಗಿ ಕರಗಿಸಿ ಒಟ್ಟು 1600 ಮಿಲಿಲೀಟರ್ ಆಗುವಂತೆ ಮಾಡಿ. ಪ್ರತಿ ಸಲ ಕಲಕಿ ಒಂದೊಂದು ಕ್ಯಾನಿಗೆ 200 ಮಿಲಿಲೀಟರ್ ಹಾಕಿ. ತೂಗಲು ಕಷ್ಟವಾದದ್ದನ್ನು ಅಳೆಯಲು ಸುಲಭವಾಗುವಂತೆ ಮಾಡಿಕೊಂಡಿರಿ, ಅಷ್ಟೆ. ಆದರೆ ಈ ದ್ರಾವಣವನ್ನು ಅಂದೇ ಖಾಲಿ ಮಾಡಬೇಕು. ಕುಡಿಯುವ ನೀರಿನ ಬಾಟಲಿಯಲ್ಲಂತೂ ಎಂದೂ ತುಂಬಿಡಬಾರದು.

ನಂಬಿಕೆಯ ಸರಪಳಿ

ಮನೆಯ ಬಳಕೆಗೆ ಇಟ್ಟುಕೊಂಡ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕಿಲ್ಲ. ಆದರೆ ಅದೇ ತಕ್ಕಡಿಯಲ್ಲಿ ಜೇನನ್ನೋ ಮೆಣಸನ್ನೋ ತೂಗಿ ಮಾರುವಂತಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯ ಪ್ರಕಾರ ವ್ಯಾಪಾರದ ತಕ್ಕಡಿಗಳನ್ನು ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕಿರಬೇಕು. ಸಂತೆಯಲ್ಲಿ ಕೊಳ್ಳುವಾಗ ಆ ಮುದ್ರೆಯನ್ನು ನೋಡುವ ಹಕ್ಕು ನಿಮಗಿದೆ.

ಆ ಮುದ್ರೆಯ ಹಿಂದೆ ಉದ್ದವಾದ ಒಂದು ಸರಪಳಿಯೇ ಇದೆ. ಇಲಾಖೆಯವರ ತೂಕಗಳನ್ನು ಅವುಗಳಿಗಿಂತ ನಿಖರವಾದ ತೂಕಗಳೊಂದಿಗೆ ಹೋಲಿಸಿರುತ್ತಾರೆ. ಅವುಗಳನ್ನು ಬೆಂಗಳೂರಿನಲ್ಲಿರುವಂಥ ಪ್ರಾದೇಶಿಕ ನಿರ್ದೇಶಕ ಪ್ರಯೋಗಾಲಯಗಳಲ್ಲಿ ಇನ್ನೂ ನಿಖರವಾದವುಗಳೊಂದಿಗೆ. ಹೀಗೆ ಸಾಗುತ್ತಾ ಸರಪಳಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ತಲುಪುತ್ತದೆ. ಅಂತರರಾಷ್ಟ್ರೀಯ ಕಿಲೋಗ್ರಾಮಿನ 57ನೇ ಪ್ರತಿ ಇರುವುದು ಅಲ್ಲಿಯೇ. 2019ರ ಮೇ 20ರಿಂದ ಕಿಲೋಗ್ರಾಂ ಲೋಹದ ತುಂಡಿನ ಬದಲು ಪ್ಲಾಂಕ್ ಸ್ಥಿರಾಂಕವನ್ನು ಆಧರಿಸಿದೆ.

ನೀವು ನೂರು ಗ್ರಾಮಿನ ಒಂದು ಒಳ್ಳೆಯ ತೂಕವನ್ನು ಕೊಂಡು ಬಟ್ಟೆಯಲ್ಲಿ ಸುತ್ತಿಟ್ಟರೆ ಈ ಸರಪಳಿಯ ಕೊನೆಯ ಕೊಂಡಿ ನಿಮ್ಮ ಮನೆಗೆ ಬಂದಂತೆ. ತಕ್ಕಡಿ ಅಗ್ಗದ್ದಾದರೂ ಚಿಂತೆಯಿಲ್ಲ. ಕೆಲಸ ಶುರು ಮಾಡುವ ಮುನ್ನ ಆ ತೂಕವನ್ನು ಅದರ ಮೇಲಿಟ್ಟು ನೋಡಿ. ಸರಿಯಾಗಿ ತೋರಿಸಿದರೆ ಪೊಟ್ಟಣ ಬಿಚ್ಚಿ. ತೋರಿಸದಿದ್ದರೆ ಅದನ್ನು ಸರಿಪಡಿಸುವವರೆಗೆ ಪೊಟ್ಟಣ ಹಾಗೆಯೇ ಇರಲಿ.